ಏಳು ದಿನ ಬಾರದ ಶಾಲೆಗೂ ಒಂದು ನೋಟಿಸ್ ಕೊಡಿ

ಜೂನ್ ಬಂತೆಂದರೆ ರಾಯಚೂರು ಜಿಲ್ಲೆಯ ಊರೂರಲ್ಲಿ ದಾಖಲಾತಿ ಆಂದೋಲನದ ಜಾಥಾ ಹೊರಡುತ್ತದೆ. ಮುಂದೆ ಹಲಗೆ, ಹಿಂದೆ ಬ್ಯಾನರ್, ಅದರ ಹಿಂದೆ ಸಾಲು ಸಾಲು ಮಕ್ಕಳು. ಮಕ್ಕಳನ್ನು ಶಾಲೆಗೆ ಕಳಿಸಿ ಅಂತ ಗಂಟಲು ಹರಿಯುವಂತೆ ಕೂಗುತ್ತಾರೆ. ಕೂಗುವವರು ಯಾರು? ದಿನಾ ತಪ್ಪದೆ ಶಾಲೆಗೆ ಬರುವವರು. ಶಾಲೆಗೆ ಬಾರದವರು ಅಗಸಿ ಕಟ್ಟೆಯ ಮೇಲೆ ಕೂತು ನೋಡುತ್ತಿರುತ್ತಾರೆ. ಬಂದವರಿಗೆ ಬಿಸಿಲು, ಬಾರದವರಿಗೆ ನೆರಳು. ಪಾಠ ಮಾತ್ರ ಅಂದು ಇಬ್ಬರಿಗೂ ಇಲ್ಲ.

ಇನ್ನು ಜಾಥಾ ಯಾರಿಗಾಗಿಯೋ ಆ ತಂದೆತಾಯಿ ಬೆಳಿಗ್ಗೆಯೇ ಟಂಟಂ ಹತ್ತಿ ಬಿತ್ತನೆಗೆ ಹೋಗಿರುತ್ತಾರೆ. ಹಾಗಾಗಿ ಪೋಷಕರ ಜವಾಬ್ದಾರಿ ಏನೆಂಬುದನ್ನು ಮನೆ ಕಾಯುವ ಮುದುಕಿಯರು ಮತ್ತು ಕಟ್ಟಿಹಾಕಿದ ಎಮ್ಮೆಗಳು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ. ಫೋಟೋ ಅಪ್‌ಲೋಡ್ ಆಯಿತು ಅಂದರೆ ಅರಿವು ಮೂಡಿತು ಅಂತಲೇ ಲೆಕ್ಕ.

ಆಮೇಲೆ ಪೋಷಕರ ಸಭೆ. ಹನ್ನೊಂದು ಗಂಟೆಗೆ, ಅದೂ ಕೆಲಸದ ದಿನ. ಒಂದು ದಿನದ ಕೂಲಿ ಬಿಟ್ಟು ಬಂದ ತಾಯಂದಿರು ನೆಲದ ಮೇಲೆ ಕೂತಿರುತ್ತಾರೆ. ಅತಿಥಿಗಳು ಒಂದೂವರೆಗೆ ಬರುತ್ತಾರೆ. ಬಂದವರೇ ಸಮಯಪಾಲನೆಯ ಬಗ್ಗೆ ಮಾತಾಡುತ್ತಾರೆ. ಸರ್ಕಾರಿ ಶಾಲೆ ನಮ್ಮ ಹೆಮ್ಮೆ ಅಂದು ಮೈಕ್ ಇಳಿಸಿ, ತಮ್ಮ ಮಗನನ್ನು ಕಾನ್ವೆಂಟಿನಿಂದ ಕರೆತರಲು ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ಪೋಷಕರ ಜವಾಬ್ದಾರಿ ಅಂದರೆ ಅದೇ ತಾನೇ!

ಹಾಗಂತ ನಮ್ಮ ಪಾಲಕರೆಲ್ಲ ಸಾಚಾ ಅಂತೇನಿಲ್ಲ. ಅತ್ತೆ ಮಗಳ ಸೀಮಂತಕ್ಕೆ ನಾಲ್ಕು ದಿನ ಮಕ್ಕಳನ್ನು ಶಾಲೆ ಬಿಡಿಸುವವರಿದ್ದಾರೆ. ಹತ್ತಿ ಬಿಡಿಸಲು ಮಗಳನ್ನು ಹೊಲಕ್ಕೆ ಕರೆದೊಯ್ದು, ಮಗನನ್ನು ಮಾತ್ರ ಶಾಲೆಗೆ ಕಳಿಸುವವರೂ ಇದ್ದಾರೆ. ಮಗ ಎಷ್ಟನೇ ಕ್ಲಾಸು ಅಂತ ಕೇಳಿದರೆ ಹೆಂಡತಿ ಮುಖ ನೋಡುವ ಅಪ್ಪಂದಿರಂತೂ ಎಲ್ಲ ತಾಲೂಕಿನಲ್ಲೂ ಸಿಗುತ್ತಾರೆ. ಮೇಷ್ಟ್ರು ಮನೆಗೆ ಬಂದರೆ ಚಹಾ ಕೊಟ್ಟು, 'ಹತ್ತಿ ಒಡದೈತ್ರೀ ಸರ, ಸಾಲಿ ನಾಳೆನೂ ಇರತೈತಿ' ಅನ್ನುತ್ತಾರೆ. ಇದಕ್ಕೆ ಬೈಯಲೇಬೇಕು. ಬೈಯೋಣ.

ಆದರೆ ಬೈಯುವ ಮೊದಲು ಕಾನೂನು ಪುಸ್ತಕ ತೆಗೆದರೆ ಸ್ವಲ್ಪ ಮುಜುಗರವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಂ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅನ್ನುತ್ತದೆ. ಭಾಷಣಗಳಲ್ಲಿ ಬರುವುದು ಇದೊಂದೇ. ಎರಡು ಕಲಂ ಹಿಂದೆ ಹೋದರೆ 8ನೆಯದು ಸಿಗುತ್ತದೆ. ಮಗು ಶಾಲೆಗೆ ಸೇರುವುದು, ದಿನಾ ಹಾಜರಾಗುವುದು, ಎಂಟನೇ ಕ್ಲಾಸು ಮುಗಿಸುವುದು, ಈ ಮೂರನ್ನೂ ಖಚಿತಪಡಿಸಬೇಕಾದ್ದು ಸರ್ಕಾರ ಅಂತ ಅಲ್ಲಿದೆ. ಪಾಪ, ಪುಟ ಅಂಟಿಕೊಂಡಿರಬೇಕು. ಯಾವ ಅತಿಥಿಯೂ ಅದನ್ನು ತೆರೆದಂತಿಲ್ಲ.

ಕೂಲಿ ಹುಡುಕಿಕೊಂಡು ಊರು ಬಿಡುವ ಗುಳೆಯ ಲೆಕ್ಕ ಇನ್ನೂ ಸೊಗಸಾಗಿದೆ. ಅದೇ ಕಾಯ್ದೆಯ ಪ್ರಕಾರ ಐದನೇ ಕ್ಲಾಸಿನವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಉದ್ಯೋಗ ಖಾತರಿ ಕಾನೂನು ಬಂದಾಗ ಒಂದು ಮನೆಗೆ ಕೊಟ್ಟ ಮಾತು 100 ದಿನದ ಕೆಲಸ. ಅಂದರೆ ಮಗು 200 ದಿನ ಊರಲ್ಲಿರಬೇಕು, ಅಪ್ಪ ಅಮ್ಮನಿಗೆ ಊರಲ್ಲಿ ಕೂಲಿ 100 ದಿನ. ಉಳಿದ 100 ದಿನ ಮಗುವಿಗೆ ಯಾರು ಉಣ್ಣಿಸುತ್ತಾರೆ? ಮಧ್ಯಾಹ್ನದ ಊಟ ಇದೆ, ಒಪ್ಪಿದೆ. ಅಕ್ಷರ ದಾಸೋಹ 2002ರಲ್ಲಿ ಶುರುವಾದದ್ದೇ ನಮ್ಮ ಭಾಗದ ಜಿಲ್ಲೆಗಳಲ್ಲಿ. ಆದರೆ ರಾತ್ರಿ ಊಟ ಆ ಯೋಜನೆಯಲ್ಲಿ ಇಲ್ಲ. ಅದಕ್ಕೇ ದೇವದುರ್ಗ, ಲಿಂಗಸುಗೂರು ಕಡೆಯ ಸಂಸಾರಗಳು ಮಕ್ಕಳು, ಪಾತ್ರೆ, ಜೋಳದ ಚೀಲ ಕಟ್ಟಿಕೊಂಡು ಬೆಂಗಳೂರಿನ ಬಸ್ ಹತ್ತುತ್ತವೆ. ಅಲ್ಲಿ ಹನ್ನೆರಡನೇ ಮಹಡಿ ಕಟ್ಟುತ್ತಿರುತ್ತಾರೆ, ಇಲ್ಲಿ ಕೀಲಿ ಹಾಕಿದ ಬಾಗಿಲಿಗೆ ಮನವಿ ಪತ್ರ ಅಂಟಿಸಲಾಗುತ್ತದೆ. ಕೀಲಿ ಸಹಿ ಮಾಡುವುದಿಲ್ಲ.

ಮುದಗಲ್ ಮೊಹರಂಗೆ ಮಾತ್ರ ಎಲ್ಲರೂ ತಪ್ಪದೆ ಊರಿಗೆ ಬರುತ್ತಾರೆ. ಬೆಂಕಿ ಹಾಕುವ ಅಲಾಯಿ ಕುಣಿ ಸುತ್ತ ಊರಿಗೆ ಊರೇ ಹಾಜರು. ಇಡೀ ವರ್ಷದಲ್ಲಿ ನೂರಕ್ಕೆ ನೂರು ಮಕ್ಕಳು ಸಿಗುವುದು ಅಂದೇ. ಅಂದು ಶಾಲೆಗೆ ರಜೆ.

ಈಗ ಬನ್ನಿ ಏಳು ದಿನದ ವಿಷಯಕ್ಕೆ. ಹೇಳದೆ ಕೇಳದೆ ಏಳು ದಿನ ಬಾರದ ಮಗು ನಮ್ಮ ರಾಜ್ಯದಲ್ಲಿ ಶಾಲೆಯಿಂದ ಹೊರಗುಳಿದ ಮಗು. ಮೊದಲು ಅರವತ್ತು ದಿನ ಇತ್ತು. ಹೈಕೋರ್ಟ್ ಕಿವಿ ಹಿಂಡಿದ ಮೇಲೆ ಇದು ಏಳಕ್ಕೆ ಇಳಿಯಿತು. ಒಳ್ಳೆಯ ನಿಯಮ. ಇಷ್ಟು ಒಳ್ಳೆಯ ನಿಯಮವನ್ನು ಮಕ್ಕಳಿಗೆ ಮಾತ್ರ ಇಟ್ಟುಕೊಳ್ಳುವುದು ಸ್ವಾರ್ಥ ಅಲ್ವಾ?

2025ರ ದಸರಾ ನೆನಪಿಸಿಕೊಳ್ಳಿ. ರಜೆ ಮುಗಿದು ಅಕ್ಟೋಬರ್ 8ಕ್ಕೆ ಶಾಲೆ ತೆರೆಯಬೇಕಿತ್ತು. ಆದರೆ ಮೇಷ್ಟ್ರುಗಳೆಲ್ಲ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಹೋಗಿದ್ದರು. ಸಮೀಕ್ಷೆ ಮುಗಿದಿರಲಿಲ್ಲ. ಸರ್ಕಾರಿ, ಅನುದಾನಿತ ಶಾಲೆಗಳಿಗೆ 18ರವರೆಗೆ ರಜೆ ಮುಂದೆ ಹೋಯಿತು. ಏಳು ದಿನ ಆರಾಮಾಗಿ ದಾಟಿತು. ಅದರ ಬೆನ್ನಿಗೇ ದೀಪಾವಳಿ. ಅಷ್ಟರಲ್ಲಿ ಹತ್ತಿಯೂ ಒಡೆಯಿತು. ಸುಮ್ನೆ ಮನೆಯಲ್ಲಿ ಕೂರುವ ಬದಲು ಮಕ್ಕಳು ಹೊಲಕ್ಕೆ ಹೋದರು. ಒಮ್ಮೆ ಸಂಜೆ ಕೈಗೆ ದುಡ್ಡು ಬಂದ ಮೇಲೆ ಶಾಲೆಯ ಗಂಟೆ ಮೊದಲಿನಷ್ಟು ಜೋರಾಗಿ ಕೇಳುವುದಿಲ್ಲ.

ಜನರ ಸ್ಥಿತಿಗತಿ ತಿಳಿಯುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮಂಥ ಜಿಲ್ಲೆಗೆ ಅದು ಬೇಕು ಕೂಡ. ಆದರೆ ಮೇಷ್ಟ್ರನ್ನು ಬೇರೆ ಕೆಲಸಕ್ಕೆ ಎಳೆಯಬೇಡಿ, ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇಷ್ಟಕ್ಕೆ ಮಾತ್ರ ಬಳಸಿ ಅಂತ ಅದೇ ಕಾಯ್ದೆಯ 27ನೇ ಕಲಂ ಹೇಳುತ್ತದೆ. ಈ ಪುಟವೂ ಅಂಟಿಕೊಂಡಿರಬೇಕು. ತಪ್ಪಿದ ಪಾಠಕ್ಕೆ ಆಮೇಲೆ ಹೆಚ್ಚುವರಿ ತರಗತಿ ಮಾಡುತ್ತೇವೆ ಅಂದರು. ಗುಳೆ ಹೋದ ಅಪ್ಪನೂ ಹೀಗೇ ಹೇಳುತ್ತಾನೆ. ಈಗ ಹೋಗಿ ಬರ್ತೀವಿ ಸರ, ಬಂದ ಮ್ಯಾಲೆ ಕಲೀತಾನ ಬಿಡ್ರಿ ಅಂತ. ಅವನು ಹೇಳಿದರೆ ಬೇಜವಾಬ್ದಾರಿ, ಇಲಾಖೆ ಹೇಳಿದರೆ ಸುತ್ತೋಲೆ.

ಹಾಗಾಗಿ ನನ್ನ ಸಣ್ಣ ಬೇಡಿಕೆ ಇಷ್ಟೇ. ಶಾಲೆಗೂ ಒಂದು ಹಾಜರಿ ಪುಸ್ತಕ ಇಡಿ, ಮಕ್ಕಳ ಕೈಗೆ ಕೊಡಿ. ಬೆಳಿಗ್ಗೆ ಮಕ್ಕಳು ಕೂಗಲಿ: ಗಣಿತದ ಮೇಷ್ಟ್ರು? ಹುದ್ದೆ ಖಾಲಿ. ಇಂಗ್ಲಿಷ್ ಟೀಚರ್? ಮತದಾರರ ಪಟ್ಟಿ ನೋಡುವ ಬಿಎಲ್ಒ ಕೆಲಸದಲ್ಲಿದ್ದಾರೆ. ಅತಿಥಿ ಶಿಕ್ಷಕರು? ಸಂಬಳ ಕೇಳಲು ಹೋಗಿದ್ದಾರೆ. ಹೆಣ್ಣುಮಕ್ಕಳ ಶೌಚಾಲಯ? ಹಾಜರು ಟೀಚರ್, ಕೀಲಿ ಮಾತ್ರ ಗೈರು.

ಆ ಅಕ್ಟೋಬರಿನಲ್ಲಿ ಮೇಷ್ಟ್ರು ಮೊಬೈಲ್ ಹಿಡಿದು ಮನೆ ಮನೆ ತಿರುಗಿದರು. ಬಿಸಿಲು, ಸಿಗದ ನೆಟ್‌ವರ್ಕ್, ಒಂದು ಮನೆಗೆ 60 ಪ್ರಶ್ನೆ. ಜಾತಿ ಬಂತು, ಉದ್ಯೋಗ ಬಂತು, ಹೊಲ ಎಷ್ಟು ಎತ್ತು ಎಷ್ಟು ಎಲ್ಲ ಬಂತು. ಅವರದೇ ಕ್ಲಾಸಿನ ಹುಡುಗ ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ, ಒಳಗಿಂದ ಅವನ ತಾಯಿ ಕೇಳಿರಲೇಬೇಕಾದ ಮಾತು: 'ಅದಿರ್ಲಿ ಸರ, ಸಾಲಿ ಯಾವಾಗ ತೆಗೀತೀರಿ?' 61ನೇ ಪ್ರಶ್ನೆಗೆ ಆ್ಯಪ್‌ನಲ್ಲಿ ಜಾಗ ಇರಲಿಲ್ಲ.