ಕರಾಟೆ ಕ್ಲಾಸಿನ ಚಪ್ಪಲಿ ಸಾಲು

ಕ್ಲಾಸಿಗೆ ಯಾರ್ಯಾರು ಬರುತ್ತಾರೆ ಅಂತ ತಿಳಿಯೋಕೆ ರಿಜಿಸ್ಟರ್ ಬೇಡ. ಬಾಗಿಲ ಹೊರಗಿನ ಚಪ್ಪಲಿ ನೋಡಿದರೆ ಸಾಕು.

1994ರಲ್ಲಿ ನಾನು ತುಮಕೂರಿನ ಜೂನಿಯರ್ ಕಾಲೇಜು ಮೈದಾನದಲ್ಲಿ ಕರಾಟೆ ಶುರು ಮಾಡಿದಾಗ ಅಲ್ಲಿ ಬರೀ ಹವಾಯಿ ಚಪ್ಪಲಿ, ಎಲ್ಲವೂ ಎಂಟು-ಒಂಬತ್ತು ನಂಬರ್. ಕಾಲೇಜು ಹುಡುಗರು, ಪೊಲೀಸ್ ಸೆಲೆಕ್ಷನ್‌ಗೆ ಓಡುತ್ತಿದ್ದವರು. ಹುಡುಗಿ ಅಂತ ಇದ್ದವಳು ಒಬ್ಬಳೇ. ಅವಳ ಅಣ್ಣ ಕ್ಲಾಸು ಬಿಟ್ಟ ದಿನ ಅವಳೂ ಬಿಟ್ಟಳು.

ಈಗ ಎಸ್.ಎಸ್. ಪುರಂನಲ್ಲಿ ವಾರಕ್ಕೆ ಮೂರು ಸಂಜೆ ಮಾಸ್ಟರ್‌ಗೆ ಸಹಾಯಕ್ಕೆ ಹೋಗುತ್ತೇನೆ. ಬಾಗಿಲಲ್ಲಿ ನಡೆದರೆ ಲೈಟ್ ಮಿನುಗುವ ಶೂ, ಗುಲಾಬಿ ಬಣ್ಣದ ಕ್ರಾಕ್ಸ್. ಮುಕ್ಕಾಲು ಪಾಲು ಹನ್ನೆರಡರ ಒಳಗಿನವರು, ಅದರಲ್ಲಿ ಅರ್ಧ ಹುಡುಗಿಯರು. ಇಪ್ಪತ್ತೈದರ ಗಂಡಸರು ಜಿಮ್‌ನಲ್ಲಿದ್ದಾರೆ, ಇಲ್ಲಾಂದ್ರೆ ಬೆಂಗಳೂರಿಂದ ವಾಪಸ್ ಬರೋ ರೈಲಲ್ಲಿ.

ನನ್ನ ಹಳೇ ಗೆಳೆಯರಿಗೆ ಇದು ನಗೆಪಾಟಲು. ‘ಕರಾಟೆ ಮಕ್ಕಳಾಟ ಆಯ್ತು ಕಣೋ’ ಅನ್ನುತ್ತಾರೆ. ಪಾಪ, ಅವರೇ ಬೆವರು ಸುರಿಸಿ ಕಲಿತ ಹೆಯಾನ್ ಕಟಾಗಳ (ಹೊಡೆತ, ತಡೆಗಳನ್ನು ಒಂದು ಕ್ರಮದಲ್ಲಿ ಜೋಡಿಸಿದ ಹೆಜ್ಜೆಗಳ ಸರಣಿ) ಕಥೆ ಅವರಿಗೆ ಗೊತ್ತಿಲ್ಲ. ಜಪಾನಿನ ಒಕಿನಾವಾ ದ್ವೀಪದ ಕರಾಟೆ ಗುರು ಇತೊಸು ಆಂಕೊ ಅವನ್ನು ರೂಪಿಸಿದ್ದೇ ಶಾಲಾ ಮಕ್ಕಳಿಗಾಗಿ. ಶಾಲೆಗಳಲ್ಲಿ ಕರಾಟೆ ಕಲಿಸಿ ಅಂತ 1908ರಲ್ಲಿ ಪತ್ರ ಬರೆದವರೂ ಅವರೇ. ನಾವು ಮೀಸೆ ಬಂದ ಮೇಲೆ ಹೋಗಿ ಸೇರಿಕೊಂಡವರು, ಅಷ್ಟೆ.

ನನ್ನ ತಕರಾರು ಬೇರೆ. ಕ್ಲಾಸಲ್ಲಿ ಅರ್ಧ ಹುಡುಗಿಯರು ಅಂತ ಬೀಗುತ್ತೇವಲ್ಲ, ಹೊಸಬರ ಬಿಳಿ ಬೆಲ್ಟಿನ ಸಾಲು ಬಿಟ್ಟು, ಬ್ಲ್ಯಾಕ್ ಬೆಲ್ಟಿಗೆ ಒಂದು ಮೆಟ್ಟಿಲು ಕೆಳಗಿನ ಬ್ರೌನ್ ಬೆಲ್ಟಿನ ಸಾಲು ನೋಡಿ. ಒಂಬತ್ತನೇ ಕ್ಲಾಸಿಗೆ ಹುಡುಗಿಯರು ಒಬ್ಬೊಬ್ಬರೇ ಮಾಯ. ಹುಡುಗರೂ ಎಸ್ಸೆಸ್ಸೆಲ್ಸಿ ಅಂತ ಬಿಡುತ್ತಾರೆ, ಆದರೆ ಏಪ್ರಿಲ್‌ನಲ್ಲಿ ಕೆಲವರಾದರೂ ವಾಪಸ್ ಬರುತ್ತಾರೆ. ಹುಡುಗಿಯರು ಬರುವುದಿಲ್ಲ. ‘ದೊಡ್ಡೋಳಾದ್ಲು ಸಾರ್, ಕೈಕಾಲು ಮುರಿದುಕೊಂಡ್ರೆ?’ ಅನ್ನುತ್ತಾರೆ ಅಪ್ಪಂದಿರು. ಎಂಟು ವರ್ಷದವಳಾಗಿದ್ದಾಗ ‘ಕಾಲ ಕೆಟ್ಟಿದೆ, ಕಲಿಸಿ’ ಅಂದವರೂ ಇವರೇ! ಸರ್ಕಾರಿ ಶಾಲೆಗಳಲ್ಲಿ ಹುಡುಗಿಯರಿಗೆ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಕೊಡುತ್ತಾರೆ, ಒಳ್ಳೆಯದೇ. ಆದರೆ ಮೂರು ತಿಂಗಳಲ್ಲಿ ಹೆಬ್ಬೆರಳು ಒಳಗೆ ಸಿಕ್ಕಿಸದೆ ಮುಷ್ಟಿ ಕಟ್ಟೋದು ಬರುತ್ತದೆ, ಏಟು ತಡೆಯುವ ಒಂದೆರಡು ಬ್ಲಾಕ್ ಬರುತ್ತವೆ. ಎದುರಿಗೆ ಆಳು ನುಗ್ಗಿದಾಗ ಹಿಂದೆ ಸರಿಯದ ಕಾಲು ಬರೋಕೆ ವರ್ಷಗಳೇ ಬೇಕು.

ಹೋದ ವರ್ಷ ಒಬ್ಬರು ತಾಯಿ ದಿನಾ ಸ್ಕೂಟರ್ ಮೇಲೆ ಕೂತು ಮಗನಿಗೆ ಕಾಯುತ್ತಿದ್ದರು. ಒಂದು ಸಂಜೆ ಕಿಟಕಿಯಿಂದಲೇ ಕೂಗಿದರು, ‘ಹಿಂಗಾಲಿನ ಹಿಮ್ಮಡಿ ಎತ್ತಬೇಡ ಕಣೋ!’ ನಿಜ, ಎತ್ತಿದ್ದ. ನನಗೇ ಕಂಡಿರಲಿಲ್ಲ. ಮಾಸ್ಟರ್ ನಕ್ಕು, ‘ಬನ್ನಿ ಅಮ್ಮಾ, ಒಳಗೇ ನಿಂತು ಹೇಳಿ’ ಅಂದರು. ಆಯಮ್ಮ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಕೊನೇ ಸಾಲಲ್ಲಿ ನಿಂತೇ ಬಿಟ್ಟರು. ಆರು ತಿಂಗಳು ಕಿಟಕಿಯಿಂದ ನೋಡಿದ್ದಕ್ಕೇ ಮೊದಲ ಹೆಯಾನ್ ಕಟಾ ಆದ ಹೆಯಾನ್ ಶೋದಾನ್‌ನ 21 ಹೆಜ್ಜೆಯಲ್ಲಿ ಹದಿನೈದು ಆಗಲೇ ಬಂದಿದ್ದವು. ತಿರುಗುವಲ್ಲಿ ಮಾತ್ರ ಎಡವುತ್ತಿದ್ದರು. ಈಗ ಅಂಥ ಐದು ಜನ ಅಮ್ಮಂದಿರಿದ್ದಾರೆ. ನಾವು ತರುಣರಾಗಿದ್ದಾಗ ಇವರಷ್ಟು ಗಮನ ಕೊಟ್ಟು ಕಲಿತಿರಲಿಲ್ಲ, ಹೊಡೆದಾಡೋ ಆತುರ ಜಾಸ್ತಿ ಇತ್ತು.

ಮಗ ಕರಾಟೆ ಬಿಟ್ಟು ಕ್ರಿಕೆಟ್ ಸೇರಿದ. ಅಮ್ಮ ಬಿಡಲಿಲ್ಲ. ಮೊನ್ನೆ ಬೆಲ್ಟ್ ಟೆಸ್ಟ್ ತಾರೀಖು ಹೇಳಿದಾಗ ಕೈ ಎತ್ತಿದ್ದು ಅವರೊಬ್ಬರೇ.

‘ಸಾರ್, ಭಾನುವಾರ ಬೇಡ. ಮನೆಗೆ ನೆಂಟರು ಬರ್ತಾರೆ. ಶನಿವಾರ ಇಟ್ಕೊಳ್ಳಿ.’

ಶನಿವಾರಕ್ಕೇ ಇಟ್ಟಿದ್ದೇವೆ.