ನಾವು ಬೇಡ ಅಂದ ಎರಡನೇ ಪೀಪಾಯಿ

ಮೊನ್ನೆ ಶುಕ್ರವಾರ ಅಂಗಡಿಯಿಂದ ಮೆಸೇಜ್ ಬಂತು, "ನಿಮ್ಮ ಬ್ಯಾರೆಲ್ ಬಂದಿದೆ" ಅಂತ. ಗಾಬರಿ ಬೇಡ, ಪೂರ್ತಿ ಬ್ಯಾರೆಲ್ ನನ್ನದಲ್ಲ. ಜನವರಿಯಲ್ಲಿ ಹನ್ನೆರಡು ಜನ ಹೋಗಿ ರುಚಿ ನೋಡಿ ಆರಿಸಿದ್ದ ಒಂದು ಪೀಪಾಯಿ ಬರ್ಬನ್ ವಿಸ್ಕಿ, 168 ಬಾಟಲಿಯಾಗಿ ಬಂದು ಕೂತಿತ್ತು. ನನ್ನ ಪಾಲಿಗೆ ಎರಡು. ಒಂದಕ್ಕೆ 80 ಡಾಲರ್.

ನಾನಿರುವುದು ಕೆಂಟಕಿಯ ಲೂಯಿವಿಲ್‌ನಲ್ಲಿ. ಚಿಕ್ಕಮಗಳೂರಿನಲ್ಲಿದ್ದುಕೊಂಡು ಕಾಫಿ ಕುಡಿಯಲ್ಲ ಅಂದರೆ ಹೇಗೆ ನೋಡುತ್ತಾರೋ, ಬರ್ಬನ್ ಗೊತ್ತಿಲ್ಲ ಅಂದರೆ ಇಲ್ಲೂ ಹಾಗೇ ನೋಡುತ್ತಾರೆ. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಬರ್ಬನ್‌ನಲ್ಲಿ ಕನಿಷ್ಠ 51% ಮುಸುಕಿನ ಜೋಳ ಇರಲೇಬೇಕು. ಒಳಮೈ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಒಮ್ಮೆ ಬಳಸಿದ ಪೀಪಾಯಿಗೆ ಮತ್ತೆ ಬರ್ಬನ್ ತುಂಬುವ ಹಾಗಿಲ್ಲ. ಆ ಹಳೇ ಪೀಪಾಯಿಗಳು ಸ್ಕಾಟ್ಲೆಂಡಿಗೆ ಹೋಗುತ್ತವೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರುತ್ತವೆ, ಅಲ್ಲಿನ ವಿಸ್ಕಿ ತುಂಬಲು. ಅಮೃತ್ ಸಿಂಗಲ್ ಮಾಲ್ಟ್ ಕುಡಿದು "ವೆನಿಲಾ ಘಮ ಇದೆ ಅಲ್ವಾ" ಅಂದವರು, ಕೆಂಟಕಿಯ ಒಂದು ಗುಟುಕನ್ನೂ ಕುಡಿದಿದ್ದಾರೆ ಅಂತಲೇ ಲೆಕ್ಕ.

ಮಾಮೂಲಿ ಬಾಟಲಿಗೆ ಎಷ್ಟೋ ಪೀಪಾಯಿಗಳನ್ನು ಬೆರೆಸುತ್ತಾರೆ. ಹೋದ ವರ್ಷ ಕೊಂಡದ್ದೂ ಈ ವರ್ಷದ್ದೂ ಒಂದೇ ಥರ ಇರಬೇಕಲ್ಲ, ಅದಕ್ಕೆ. ಸಿಂಗಲ್ ಬ್ಯಾರೆಲ್ ಅಂದರೆ ಒಂದೇ ಪೀಪಾಯಿಯದು, ಬೆರಕೆ ಇಲ್ಲ. 1984ರಲ್ಲಿ ಇದೇ ಕೆಂಟಕಿಯ ಫ್ರಾಂಕ್‌ಫರ್ಟ್‌ನ ಡಿಸ್ಟಿಲರಿಯಲ್ಲಿ ಎಲ್ಮರ್ ಟಿ. ಲೀ ಅವರು ಬ್ಲಾಂಟನ್ಸ್ ಅನ್ನೋ ಸಿಂಗಲ್ ಬ್ಯಾರೆಲ್ ಬರ್ಬನ್ ಹೊರತಂದ ಮೇಲೆ ಇದು ಒಂದು ವ್ಯಾಪಾರವೇ ಆಯಿತು. ಈಗ ಅಂಗಡಿಯವರು, ಗೆಳೆಯರ ಗುಂಪುಗಳು ತಾವೇ ಹೋಗಿ ಪೀಪಾಯಿ ಆರಿಸಿ ಪೂರ್ತಿ ಕೊಳ್ಳುತ್ತಾರೆ. ಬಾಟಲಿ ಮೇಲೆ ತಮಗಿಷ್ಟದ ಸ್ಟಿಕರ್ ಬೇರೆ. ನಮ್ಮ ಗುಂಪಿನ ಸ್ಟಿಕರ್‌ನಲ್ಲಿ ಟೋಪಿ ಹಾಕಿಕೊಂಡ ಕರಡಿ ಇದೆ. ಯಾಕೆ ಅಂತ ಕೇಳಬೇಡಿ.

ಆ ಜನವರಿ ದಿನ ಮೈ ಕೊರೆಯುವ ಚಳಿ. ಡಿಸ್ಟಿಲರಿ ಗೋದಾಮಿನ ಬಾಗಿಲು ತೆಗೆದರೆ ಒದ್ದೆ ಮರ, ಕೊಳೆತ ಬಾಳೆಹಣ್ಣು, ಬೆಲ್ಲ ಎಲ್ಲ ಒಟ್ಟಿಗೆ ಮೂಗಿಗೆ ಬಡಿಯಿತು. ಮೂರು ಪೀಪಾಯಿ ಉರುಳಿಸಿ ತಂದಿಟ್ಟಿದ್ದರು. ಮೂರೂ ಒಂದೇ ಪಾಕ, ಒಂದೇ ವಾರ ತುಂಬಿದವು. ಅಲ್ಲಿನವರು ಸುತ್ತಿಗೆಯಲ್ಲಿ ಬಡಿದು ಬಿರಡೆ ತೆಗೆದರು, ಉದ್ದನೆಯ ತಾಮ್ರದ ಕೊಳವೆ ಒಳಗಿಳಿಸಿದರು, ಮೇಲಿನ ತೂತನ್ನು ಹೆಬ್ಬೆರಳಲ್ಲಿ ಮುಚ್ಚಿ ಎತ್ತಿದರು. ಆ ಕೊಳವೆಗೆ ಇಲ್ಲಿ ಕಳ್ಳ ಅಂತಲೇ ಹೆಸರು. ಪೀಪಾಯಿಯಿಂದ ಆವಿಯಾಗಿ ಹೋಗುವುದಕ್ಕೆ ದೇವತೆಗಳ ಪಾಲು ಅನ್ನುತ್ತಾರೆ. ದೇವತೆಗಳು, ಕಳ್ಳ, ಮಧ್ಯೆ ನಾವು ಹನ್ನೆರಡು ಜನ. ಲೋಟದ ತಳದಲ್ಲಿ ಇದ್ದಿಲಿನ ಕಪ್ಪು ಚೂರುಗಳು ತೇಲುತ್ತಿದ್ದವು.

ಮೊದಲನೆಯದರಲ್ಲಿ ಆಲ್ಕೋಹಾಲ್ 58%. ಚೆನ್ನಾಗಿತ್ತು, ಅಷ್ಟೇ. ಎರಡನೆಯದು 60.5%. ಅದನ್ನು ಬಾಯಿಗಿಟ್ಟಾಗ ನನಗೆ ಆಲೆಮನೆ ನೆನಪಾಯಿತು. ಕೊಪ್ಪರಿಗೆಯಿಂದ ಇಳಿಸುವ ಹೊತ್ತಿನ ಜೋನಿಬೆಲ್ಲ, ಅದರ ಹಿಂದೆ ಕೆಂಡದಲ್ಲಿ ಸುಟ್ಟ ಜೋಳದ ತೆನೆ, ಕೊನೆಗೆ ಲವಂಗ ಕಚ್ಚಿದ ಹಾಗೆ ಒಂದು ಚುರುಕು. ಪಕ್ಕದಲ್ಲಿದ್ದ ಅಮೆರಿಕನ್ ಗೆಳೆಯ ಚೆರ್ರಿ ಅಂದ. ಇರಬಹುದು. ನಾನು ಬೆಳೆದ ಊರಲ್ಲಿ ಚೆರ್ರಿ ಅಂದರೆ ಬೇಕರಿ ಕೇಕಿನ ಮೇಲಿನ ಕೆಂಪು ಗೋಲಿ!

ಮೂರನೆಯದರ ಹೊತ್ತಿಗೆ ಅಲ್ಲಿನವರು, "ಇದು ಮೇಲಿನ ಅಂತಸ್ತಿನದು, 64.2%" ಅಂದರು. ಕುಡಿಯುವ ಮೊದಲೇ ಎಲ್ಲರ ಮುಖ ಅರಳಿತು. ಪೀಪಾಯಿಗೆ ತುಂಬುವಾಗ 62.5% ದಾಟುವ ಹಾಗಿಲ್ಲ. ಮೇಲಿನ ಅಂತಸ್ತಿನ ಬಿಸಿಗೆ ನೀರು ಜಾಸ್ತಿ ಆವಿಯಾಗಿ ಕಡು ಏರುತ್ತದೆ. ಗಂಟಲಿಂದ ಎದೆಗೆ ಬೆಂಕಿ ಇಳಿಯಿತು. ಇದಕ್ಕೆ ಇಲ್ಲಿ ಕೆಂಟಕಿಯ ಅಪ್ಪುಗೆ ಅಂತಾರೆ. ಎಲ್ಲರೂ ಕಣ್ಣಲ್ಲಿ ನೀರು ತುಂಬಿಕೊಂಡು "ಇದೇ, ಇದೇ" ಅಂದರು. ಮತ ಹಾಕಿದೆವು. ಒಂಬತ್ತು ಮೂರು. ಎರಡನೆಯದು ಸೋತಿತು.

ನಿಜ ಹೇಳಲಾ? ಆ ಮೂರರಲ್ಲಿ ನಾನಿರಲಿಲ್ಲ. ಎಲ್ಲರೂ ಕೈ ಎತ್ತಿದರು, ನಾನೂ ಸುಮ್ನೆ ಎತ್ತಿದೆ.

ಶುಕ್ರವಾರ ರಾತ್ರಿ ಬಾಟಲಿ ಬಿಚ್ಚಿದೆ. ಚಳಿ ಇಲ್ಲ, ಗೋದಾಮಿಲ್ಲ, ಜನರಿಲ್ಲ. ಮೊದಲ ಗುಟುಕಿಗೆ ನಾಲಿಗೆ ಮರಗಟ್ಟಿತು. ಎರಡನೆಯದಕ್ಕೆ ಬರೀ ಮರ. ಒಲೆ ಮೇಲೆ ಮರೆತ ಟೀ ಇರುತ್ತಲ್ಲ, ಹಾಗೆ ಒಗರು. ಒಂದು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟೆ. ಆಮೇಲೆ ಸ್ವಲ್ಪ ಬಾಯಿ ಬಿಟ್ಟಿತು, ಚಕ್ಕೆ, ಒಣ ಖರ್ಜೂರ, ಸುಟ್ಟ ಸಕ್ಕರೆ. ಕೆಟ್ಟದೇನಲ್ಲ. ಆದರೆ 80 ಡಾಲರ್ ಕೊಟ್ಟು ಒಗರಿನ ಹಿಂದೆ ಸಿಹಿ ಹುಡುಕಬೇಕಾ?

ನನ್ನ ತಕರಾರು ಇಷ್ಟೇ. ಸಿಂಗಲ್ ಬ್ಯಾರೆಲ್ ಅಂದರೆ ಮೇಲು ಅಂತ ಮಾರುತ್ತಾರೆ, ನಾವೂ ನಂಬುತ್ತೇವೆ. ಅದು ಬೇರೆ, ಅಷ್ಟೇ. ಮೇಲಾದರೂ ಆಗಬಹುದು, ಕೀಳಾದರೂ ಆಗಬಹುದು. ಬೆರೆಸುವವರು ಒಂದರ ಒಗರನ್ನು ಇನ್ನೊಂದರ ಸಿಹಿಯಿಂದ ಸರಿದೂಗಿಸುತ್ತಾರೆ, ಅದು ದೊಡ್ಡ ಕಲೆ. ಇಲ್ಲಿ ಆ ಕೆಲಸ ನಮ್ಮ ಕೈಗೆ ಬಂತು, ನಾವು ಅಂಕಿ ನೋಡಿ ಮರುಳಾದೆವು. ಇನ್ನು ಕೆಲವು ಅಂಗಡಿಯವರು ಇಂಥ ಸ್ಟಿಕರ್ ಕಂಡ ತಕ್ಷಣ ಬೆಲೆ ಏರಿಸುತ್ತಾರೆ. ಅದರ ಬಗ್ಗೆ ಬರೆದರೆ ಇಡೀ ರಾತ್ರಿ ಬೇಕು.

ಎರಡನೇ ಪೀಪಾಯಿ ಏನಾಯಿತು ಅಂತ ಅಂಗಡಿಯವರನ್ನು ಕೇಳಿದೆ. ಬೇರೆ ಯಾರೂ ಆರಿಸದಿದ್ದರೆ ಮಾಮೂಲಿ ಬಾಟಲಿಗೆ ಬೆರೆಸಿರುತ್ತಾರೆ ಅಂದರು. ಅಂದರೆ ಯಾವುದೋ ಏರ್‌ಪೋರ್ಟ್ ಬಾರ್‌ನಲ್ಲಿ, ವಿಮಾನ ತಡವಾದ ಸಿಟ್ಟಿನಲ್ಲಿ ಯಾರೋ ನನ್ನ ಜೋನಿಬೆಲ್ಲಕ್ಕೆ ಕೋಕ್ ಸುರಿದು ಗಟಗಟ ಕುಡಿದಿರಬಹುದು. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. ಬರ್ಬನ್‌ನಿಂದ ಅಲ್ಲ.

ಅಕ್ಟೋಬರ್‌ನಲ್ಲಿ ಮತ್ತೆ ಹೋಗೋಣ ಅಂತ ಗುಂಪಿನಲ್ಲಿ ಮಾತು ಶುರುವಾಗಿದೆ. ಬರ್ತೀನಿ ಅಂದಿದ್ದೇನೆ. ಲೋಟಕ್ಕೆ ಬರೀ ಒಂದು, ಎರಡು, ಮೂರು ಅಂತ ಚೀಟಿ ಅಂಟಿಸಬೇಕು. ಎಷ್ಟು ಪರ್ಸೆಂಟ್ ಅಂತ ಯಾರೂ ಬಾಯಿ ಬಿಡಬಾರದು. ಮತ ಚೀಟಿಯಲ್ಲಿ, ಕೈ ಎತ್ತುವುದು ಬೇಡ. ಕರಡಿ ಸ್ಟಿಕರ್ ಮಾತ್ರ ಇರಲಿ, ಮಗಳಿಗೆ ಇಷ್ಟವಾಗಿದೆ. ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ.