ನೂರು ವರ್ಷದ ಮನೆ ಸರ್ಕಾರದ್ದಾಗುತ್ತಾ? ಸತ್ಯಾಂಶ ಇಲ್ಲಿದೆ

‘ನೂರು ವರ್ಷ ದಾಟಿದ ತೊಟ್ಟಿಮನೆ ತಾನಾಗೇ ಪುರಾತತ್ವ ಇಲಾಖೆಗೆ ಸೇರುತ್ತದೆ, ಹೆಂಚೂ ಬದಲಿಸುವಂತಿಲ್ಲ.’ ಮಲೆನಾಡಿನ ವಾಟ್ಸಾಪ್ ಗುಂಪಿನಲ್ಲಿ ನಿಮಗೂ ಇದು ಬಂದಿರಬಹುದು. ಸುಳ್ಳು.

ಪುರಾತನ ಸ್ಮಾರಕಗಳ ಕುರಿತ 1958ರ ಕೇಂದ್ರ ಕಾಯ್ದೆಯಲ್ಲಿ ನೂರು ವರ್ಷದ ಮಾತು ಇದೆ, ನಿಜ. ಆದರೆ ಅದು ಸ್ಮಾರಕವಾಗಲು ಬೇಕಾದ ಬರೀ ಅರ್ಹತೆ. ಸ್ಮಾರಕ ಎಂದು ಘೋಷಿಸುವ ಮುಂಚೆ ಸರ್ಕಾರ ಗೆಜೆಟ್‌ನಲ್ಲಿ ಎರಡು ತಿಂಗಳ ನೋಟಿಸ್ ಕೊಡಬೇಕು, ಆಕ್ಷೇಪಣೆ ಕೇಳಬೇಕು. ಘೋಷಣೆಯಾದರೂ ಮಾಲೀಕತ್ವ ತಾನಾಗೇ ಹೋಗುವುದಿಲ್ಲ.

ಜಾಗ್ರತೆ ಬೇಕಿರುವುದು ಬೇರೆ ಕಡೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಂಥ ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಅಲ್ಲಿ ರಿಪೇರಿಗೂ ಮೊದಲು ಕೇಳಬೇಕು, ಮನೆ ಹಳೇದೋ ಹೊಸದೋ ಅನ್ನೋದು ಲೆಕ್ಕಕ್ಕಿಲ್ಲ.

ಉಳಿದವರು ಮಳೆಗಾಲಕ್ಕೆ ಮುಂಚೆ ಧಾರಾಳವಾಗಿ ಹೆಂಚು ಕೈಯಾಡಿಸಿ. ಮಣ್ಣಿನ ಗೋಡೆಗೆ ಮಾತ್ರ ಸಿಮೆಂಟ್ ಮೆತ್ತಬೇಡಿ, ತೇವ ಒಳಗೇ ಕೂರುತ್ತದೆ.